ಬರೀ ಡಬ್ಬಿ

ಒಳ್ಳೆಯದು ಮಾಡಲು ಹೋಗಿ ಹಾಳು ಮಾಡುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಡ. ಒಂದು ಭಾನುವಾರ, ಒಂದು ಮಚ್ಚು ಇದ್ದರೆ ಸಾಕು. ತೂಬಗೆರೆ ಪಕ್ಕದ ಹಳ್ಳಿಯ ಮಮತಳ ಹತ್ತಿರ ಎರಡೂ ಇದ್ದವು.

ಮಮತ ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸಿಗೆ ಹೋಗುವವಳು. ಬೆಳಿಗ್ಗೆ ಏಳಕ್ಕೆಲ್ಲ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಅಷ್ಟರೊಳಗೆ ಮುದ್ದೆ ತೊಳಸಿ, ಸಾರು ಕುದಿಸಿ, ಗಂಡ ಬೈರೇಶನ ಪಾಲು ಎತ್ತಿಟ್ಟು, ಇನ್ನೊಂದು ಪಾಲನ್ನು ಸ್ಟೀಲಿನ ಡಬ್ಬಿಗೆ ಹಾಕಿ ಪಕ್ಕದ ಮನೆಯ ಜಗಲಿಯ ಮೇಲಿಟ್ಟು ಓಡುತ್ತಿದ್ದಳು. ಅದು ಅಮ್ಮಯಮ್ಮನ ಮನೆ. ಎಂಬತ್ತರ ಹತ್ತಿರದ ಜೀವ. ಮಕ್ಕಳಾಗಲಿಲ್ಲ, ಗಂಡ ತೀರಿಹೋಗಿ ಇಪ್ಪತ್ತು ವರ್ಷ. ಬಗ್ಗಿದ ಸೊಂಟದಲ್ಲಿ ಮುದ್ದೆ ತೊಳಸಲಾಗದೆ, ಎರಡು ಹೊತ್ತೂ ಹಿಡಿ ಅಕ್ಕಿಯ ಗಂಜಿ ಕುಡಿದು ಮಲಗುತ್ತಾಳೆಂದು ಗೊತ್ತಾದ ಮೇಲೆ ಮಮತ ಬೆಳಗಿನ ಈ ಡಬ್ಬಿ ಶುರು ಮಾಡಿದ್ದು. ಯಾರೂ ಹೇಳಿ ಮಾಡಿಸಿದ್ದಲ್ಲ, ಅವಳೂ ಎಲ್ಲೂ ಹೇಳಿಕೊಂಡು ತಿರುಗಲಿಲ್ಲ.

ಸಂಜೆ ಡಬ್ಬಿ ಬೆಳಗಿಸಿಕೊಂಡು ವಾಪಸ್ ಬರುತ್ತಿತ್ತು. ಆದರೆ ಬರಿದಾಗಿ ಅಲ್ಲ. ಊಟ ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದುಂಟೇ ನಮ್ಮ ಕಡೆ? ಅಮ್ಮಯಮ್ಮನ ಬಾಗಿಲಲ್ಲಿ ನುಗ್ಗೆಮರವಿತ್ತು. ಒಂದು ದಿನ ಎರಡು ಕಾಯಿ ಮುರಿದು ಹಾಕಿರುತ್ತಿದ್ದಳು, ಇನ್ನೊಂದು ದಿನ ಹಿಡಿ ಸೊಪ್ಪು, ಹೂ ಬಿಟ್ಟಾಗ ಹೂವು. "ಇವತ್ತೂ ನುಗ್ಗೆಸೊಪ್ಪಾ? ನಮ್ನೇನು ಮೇಕೆ ಅಂದ್ಕಂಡವ್ಳಾ ಅಜ್ಜಿ?" ಎಂದು ಬೈರೇಶ ನಗುತ್ತಿದ್ದ. ನಗುತ್ತಲೇ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದ.

ಮಳೆ ಹಿಡಿದ ಮೇಲೆ ಆ ಮರಕ್ಕೆ ಕಂಬಳಿಹುಳು ಬಿದ್ದವು. ಬುಡದಲ್ಲಿ ಹುಳು, ಗೋಡೆಯಲ್ಲಿ ಹುಳು, ಹಾಸಿಗೆಯಲ್ಲೂ ಹುಳು. ಅಮ್ಮಯಮ್ಮನ ಕತ್ತು ತೋಳೆಲ್ಲ ದದ್ದೆದ್ದು ಕೆರೆದು ಕೆರೆದು ರಕ್ತ ಬಂದಿತ್ತು. ಮಮತಳಿಗೆ ನೋಡಲಾಗಲಿಲ್ಲ. ಭಾನುವಾರ ಗಂಡನ ಕೈಗೆ ಮಚ್ಚು ಕೊಟ್ಟು ನಿಲ್ಲಿಸಿಯೇಬಿಟ್ಟಳು.

"ಕೊಂಬೆ ಸವರ್ಕಳಪ್ಪ, ಬುಡ ಬಿಡು" ಎಂದಳು ಅಮ್ಮಯಮ್ಮ, ಬಾಗಿಲು ಹಿಡಿದುಕೊಂಡು.

"ಬುಡ ಬಿಟ್ರೆ ಮುಂದಿನ್ ವರ್ಷ ಮತ್ತೆ ಹುಳ ಬತ್ತವೆ. ನೀನ್ ಸುಮ್ಕಿರವ್ವ, ನಿಂಗೇನ್ ಗೊತ್ತು" ಎಂದಳು ಮಮತ.

ಬುಡ ಅಗೆದು ಬೇರು ಸಮೇತ ಕಿತ್ತರು. ಗೋಡೆಗೆ ಫಿನಾಯಿಲ್ ಹಾಕಿ ತೊಳೆದರು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಮಮತಳಿಗೆ ವಾರವೆಲ್ಲ ಹಿಗ್ಗು.

ಆಮೇಲಿಂದ ಡಬ್ಬಿಯಲ್ಲಿ ಅಕ್ಕಿ ಬರತೊಡಗಿತು. ದಿನಕ್ಕೊಂದು ಹಿಡಿ, ಸೊಸೈಟಿಯ ಅಕ್ಕಿ. "ಅಜ್ಜಿಗೆ ಚಾಳಿ ಬಿಡಲ್ಲ ನೋಡು" ಎಂದು ನಕ್ಕು ಮಮತ ಅದನ್ನು ಕೋಳಿಗಳಿಗೆ ಎರಚುತ್ತಿದ್ದಳು. ಅವಳ ಮನೆಯಲ್ಲಿ ಆ ಅಕ್ಕಿ ಯಾರೂ ಉಣ್ಣುತ್ತಿರಲಿಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಅಮ್ಮಯಮ್ಮ ಡಬ್ಬಿ ಬೇಡವೆನ್ನಲು ಶುರು ಮಾಡಿದಳು. ಒಂದು ದಿನ "ಹೊಟ್ಟೆ ಸರಿ ಇಲ್ಲ ಕಣವ್ವ" ಎಂದಳು. ಮಾರನೆಯ ದಿನ "ಊಟ ಆಯ್ತು" ಎಂದಳು. ಬೆಳಿಗ್ಗೆ ಆರೂವರೆಗೆ ಅದೆಂಥ ಊಟವೋ! ಮೂರನೆಯ ದಿನ ಮಮತ ಕೇಳದೆಯೇ ಇಟ್ಟು ಹೋದಳು. ಸಂಜೆ ಬಂದು ನೋಡಿದರೆ ಇಟ್ಟಲ್ಲೇ ಇದೆ, ಇರುವೆ ಮುತ್ತಿದೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಿದ್ದೆಗೆಟ್ಟು ಬೇಯಿಸಿ ಹಾಕುವವಳು ನಾನು, ಇವಳಿಗೆ ನಮ್ಮ ಸಾರು ಸೇರುವುದಿಲ್ಲವಂತೆ! "ಇನ್ಮೇಲೆ ಆ ಕಡೆ ತಿರುಗ್ ನೋಡಿದ್ರೆ ಕೇಳು" ಎಂದು ಗಂಡನ ಮುಂದೆ ಡಬ್ಬಿ ಕುಕ್ಕಿದಳು. ಹತ್ತು ದಿನ ತಿರುಗಿ ನೋಡಲೂ ಇಲ್ಲ. ಹತ್ತು ದಿನ ಕಣ್ರೀ, ಮಧ್ಯೆ ಇರುವುದು ಒಂದು ಗೋಡೆ.

ಹನ್ನೊಂದನೆಯ ದಿನ, ಭಾನುವಾರ, ಅವಳ ಕೋಳಿಯೊಂದು ಅಮ್ಮಯಮ್ಮನ ಮನೆಗೆ ನುಗ್ಗಿತು. ಓಡಿಸಲು ಒಳಗೆ ಹೋದಳು. ಅಕ್ಕಿಯ ಡಬ್ಬ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಮುದುಕಿ ಚಾಪೆಯ ಮೇಲೆ ಕೂತು ಬರೀ ಚಹಾ ಕುಡಿಯುತ್ತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು.

"ಅಯ್ಯೋ, ಇದೇನವ್ವ ಹಿಂಗಾಗಿದ್ದೀಯ? ನಾನು ಕೊಟ್ರೆ ಯಾಕ್ ಬ್ಯಾಡ ಅಂದೆ?"

ಅಮ್ಮಯಮ್ಮ ಲೋಟ ಕೆಳಗಿಟ್ಟಳು. "ಬರೀ ಡಬ್ಬಿ ಹೆಂಗವ್ವ ಕೊಡ್ಲಿ? ಮರ ಇದ್ದಾಗ ಯೋಚ್ನೆ ಇರ್ಲಿಲ್ಲ. ಅಕ್ಕಿ ಇರೋಗಂಟ ಅಕ್ಕಿ ಹಾಕ್ದೆ. ಅದೂ ಮುಗೀತು."

ಆ ಅಕ್ಕಿ ತಿಂದು ಕೊಬ್ಬಿದ ಕೋಳಿ ಮಮತಳ ಕಾಲ ಹತ್ತಿರವೇ ಕೆದಕುತ್ತಿತ್ತು. ತಾನು ಎರಚಿದ್ದು ಮುದುಕಿಯ ರಾತ್ರಿಯ ಗಂಜಿಯನ್ನು ಎಂದು ಅವಳಿಗೆ ಆಗ ಹೊಳೆಯಿತು. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು.

"ಒಂದ್ ಚಿಟಿಕೆ ಉಪ್ಪು ಹಾಕ್ಕೊಡವ್ವ, ನಂಗಷ್ಟು ಸಾಕು."

"ಉಪ್ಪು ಕೊಟ್ರೆ ಜಗಳ ಆಯ್ತದೆ. ಸಾಯೋ ಕಾಲ್ದಾಗೆ ನಿನ್ ಕೂಟೆ ಜಗಳ ಆಡ್ಲೇನೆ?" ಎಂದು ಬೊಚ್ಚುಬಾಯಲ್ಲಿ ನಕ್ಕಳು. ಮಮತಳಿಗೆ ಅಳು ಬಂತು.

ಅವತ್ತೇ ಮಧ್ಯಾಹ್ನ ಊರಾಚೆಯ ತೋಟದ ಆವಲಪ್ಪನನ್ನು ಕೇಳಿ ತೋಳುದಪ್ಪದ ನುಗ್ಗೆಕೊಂಬೆ ತಂದಳು. ಅದೇ ಗುಂಡಿಯಲ್ಲಿ ನೆಟ್ಟು, ತುದಿಗೆ ಸಗಣಿ ಮೆತ್ತಿದಳು. ತನ್ನ ಡಬ್ಬಿಯನ್ನು ಅಮ್ಮಯಮ್ಮನ ಮನೆಯ ಗೋಡೆಗೂಡಿನಲ್ಲಿಟ್ಟಳು.

"ಇದು ನಿನ್ನತ್ರನೇ ಇರ್ಲಿ. ಚಿಗುರಿದ್ ದಿನ ಸೊಪ್ಪು ಹಾಕ್ಕೊಡು. ಅಲ್ಲೀಗಂಟ ನಿನ್ ತಟ್ಟೆಗೇ ಬಡಿಸ್ತೀನಿ. ತಟ್ಟೆ ನಿಂದು, ಏನೂ ವಾಪಸ್ ಕೊಡಂಗಿಲ್ಲ."

ಅಮ್ಮಯಮ್ಮ ಒಪ್ಪಿದಳು. ಆದರೆ ಹೊಟ್ಟೆ ಒಪ್ಪಲಿಲ್ಲ. ಅರ್ಧ ಮುದ್ದೆಗೇ ಸಾಕೆನ್ನುವಳು, ಆಮೇಲೆ ಕಾಲು ಮುದ್ದೆಗೆ. ಬಡಿಸಿ ವ್ಯಾನಿಗೆ ಓಡುವಾಗ ಮಮತ ಕೊಂಬೆಯ ಕಡೆ ಕಣ್ಣು ಹಾಯಿಸುವಳು. ತಿಂಗಳು ಕಳೆದರೂ ಒಂದು ಚಿಗುರಿಲ್ಲ. "ಹಿಡೀಲಿಲ್ಲ ಅದು, ಒಣಗೋಯ್ತು" ಎಂದ ಬೈರೇಶ. ಅವಳಿಗೂ ಹಾಗೇ ಅನಿಸಿತ್ತು. ಇನ್ನೊಂದು ಕೊಂಬೆ ತರಬೇಕು ಎಂದುಕೊಂಡಳು, ಬರುವ ಭಾನುವಾರ.

ಭಾನುವಾರ ಬರಲಿಲ್ಲ. ಗುರುವಾರ ಬೆಳಿಗ್ಗೆ ಮುದ್ದೆ ಹಿಡಿದು ಹೋದರೆ ಅಮ್ಮಯಮ್ಮ ಚಾಪೆಯ ಮೇಲೆ ತಣ್ಣಗಾಗಿದ್ದಳು.

ಎಲ್ಲಿಂದಲೋ ತಮ್ಮನ ಮಗ ಬಂದು ಮಣ್ಣು ಮಾಡಿದ. ಮೂರನೆಯ ದಿನ ಹಾಲುತುಪ್ಪ ಮುಗಿಸಿ ಮನೆ ತೊಳೆಯುವಾಗ ಮಮತಳಿಗೆ ಗೂಡಿನಲ್ಲಿದ್ದ ಡಬ್ಬಿ ಸಿಕ್ಕಿತು. ಬೂದಿ ಹಾಕಿ ಫಳಫಳ ಬೆಳಗಿತ್ತು. ಮುಚ್ಚಳ ತೆಗೆದಳು. ಒಳಗೆ ನುಗ್ಗೆಯ ಚಿಗುರು. ಉಗುರಷ್ಟುದ್ದದವು, ಕೆಲವು ಒಣಗಿ ಪುಡಿಯಾಗಿದ್ದವು, ಮೇಲಿನವು ಇನ್ನೂ ಹಸಿರು. ಎಲ್ಲ ಸೇರಿಸಿದರೂ ಹಿಡಿ ತುಂಬುತ್ತಿರಲಿಲ್ಲ.

ಹೊರಗೆ ಬಂದು ಕೊಂಬೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅದು ಒಣಗಿರಲಿಲ್ಲ. ಗಿಣ್ಣು ಗಿಣ್ಣಿಗೂ ಚಿವುಟಿದ ಗುರುತಿತ್ತು. ಬಂದ ಬಂದ ಚಿಗುರನ್ನೆಲ್ಲ ಮುದುಕಿ, ಒಂದು ಹಿಡಿಯಾದರೂ ಆಗಲಿ ಎಂದು, ಕಿತ್ತು ಕೂಡಿಡುತ್ತಿದ್ದಳು. ನಾಲ್ಕೆಲೆ ಹಾಕಿ ಕೊಟ್ಟಿದ್ದರೂ ಸಾಕಾಗಿತ್ತಲ್ಲೇ ನನ್ನವ್ವ ಎಂದು ಮಮತ ಜೋರಾಗಿ ಅತ್ತಳು.

ತಮ್ಮನ ಮಗನಿಗೆ ಬಾಗಿಲ ಮುಂದೆ ಬೈಕು ನಿಲ್ಲಿಸಲು ಜಾಗ ಬೇಕಿತ್ತು. ಬೈರೇಶ ಗುದ್ದಲಿ ತಂದು, "ಏಳು ಆ ಕಡೆ, ಈ ಒಣಕೊಂಬೆ ಕಿತ್ತಾಕ್ತೀನಿ" ಎಂದ.

"ಬುಡ ಬಿಡು" ಎಂದಳು ಮಮತ.

ಅಮ್ಮಯಮ್ಮ ಅವತ್ತು ಹೇಳಿದ್ದೂ ಅದನ್ನೇ.