ಕುಗ್ಗಿದ ನಕಲು

ಕಿರ್... ಕಿರ್...

ನಡುರಾತ್ರಿ ಕಳೆದಿತ್ತು. ಗೋಡೆಗೊರಗಿ ತೂಕಡಿಸುತ್ತಿದ್ದ ಸೊಸೆ ಕಣ್ಣು ಬಿಟ್ಟಳು. ಮಾವನ ದೇಹ ಮಲಗಿಸಿದ್ದ ಮಂಚದ ಅಂಚಿನ ಮೇಲೆ ಅತ್ತೆ ಮಾವನದೇ ಅಳತೆಗಾಲಿಯನ್ನು ಉರುಳಿಸುತ್ತಿದ್ದರು. ಹಿಡಿಗೆ ಸಿಕ್ಕಿಸಿದ ನಾಣ್ಯದಷ್ಟು ಚಕ್ರ ಅದು. ನಕ್ಷೆಯ ಗೆರೆಯ ಮೇಲೆ ಓಡಿಸಿದರೆ ಗೋಡೆ ಎಷ್ಟುದ್ದವೆಂದು ಮುಳ್ಳು ತೋರಿಸುತ್ತದೆ.

"ಎಷ್ಟು ಬಂತು ನೋಡೇ."

"ಅದು ನಕ್ಷೆಗೆ ಅತ್ತೆ, ಮಂಚಕ್ಕಲ್ಲ."

"ನಲವತ್ತು ವರ್ಷ ನಂಗೆ ಇದನ್ನ ಮುಟ್ಟೋಕೆ ಬಿಡ್ಲಿಲ್ಲ ಮಹಾರಾಯರು. ಈಗ ಬೈಲಿ, ನೋಡೋಣ."

ಬೆಳಕು ಹರಿಯುತ್ತಲೇ ಆಫೀಸಿನವರು ಬಂದರು. ಕಟ್ಟಡದ ಖರ್ಚು ಅಂದಾಜು ಮಾಡುವುದರಲ್ಲಿ ಮಾವನದು ಎತ್ತಿದ ಕೈ. ಸೊಸೆಗೂ ಅದೇ ಆಫೀಸಿನಲ್ಲಿ ಅದೇ ಕೆಲಸ, ಕಲಿಸಿದವರೂ ಅವರೇ.

"ಇಷ್ಟು ಇಟ್ಟಿಗೆ ಸಾಕು ಅಂದ್ರೆ ಸಾಕು," ಎಂದ ಮೇಸ್ತ್ರಿ. "ಕೆಲಸ ಮುಗಿದ ಮೇಲೆ ಉಳಿದಿದ್ರಲ್ಲಿ ಒಂದು ನಾಯಿಗೂಡು ಕಟ್ಟೋಕೂ ಆಗ್ತಿರ್ಲಿಲ್ಲ. ನಮ್ಮ ಬಾಗಿಲಪ್ಪ ಅಂದ್ರೆ ಸುಮ್ನೇನಾ?"

ಆ ಅಡ್ಡಹೆಸರು ಆಫೀಸಿನವರೇ ಇಟ್ಟದ್ದು. ನಕಲು ತೆಗೆಯುವಾಗ ನಕ್ಷೆ ಕುಗ್ಗುವುದುಂಟು. ಆಗ ಅದರ ಮೇಲೆ ಅಳೆದದ್ದೆಲ್ಲ ಸುಳ್ಳು. ಅದಕ್ಕೇ ಮಾವ ಮೊದಲು ಅಗಲ ಬರೆದಿರುವ ಒಂದು ಬಾಗಿಲು ಹುಡುಕಿ ಅಳೆಯುತ್ತಿದ್ದರು. ಬರೆದದ್ದೂ ಬಂದದ್ದೂ ಒಂದೇ ಆದರೆ ಮಾತ್ರ ಮುಂದಿನ ಕೆಲಸ.

"ಮದುವೆಯಾಗಿ ಮನೆಗೆ ಕರ್ಕೊಂಡು ಬಂದ ದಿನಾನೂ, ಈ ಬಾಗಿಲು ಎಷ್ಟಗಲ ಇದೆ ಹೇಳು ಅಂದಿದ್ರು," ಎಂದರು ಅತ್ತೆ. ಅಳುತ್ತಿದ್ದವರೂ ನಕ್ಕರು.

ಆಫೀಸಿನ ಯಜಮಾನರು ನಿಟ್ಟುಸಿರು ಬಿಟ್ಟರು. "ಅಂಥೋರಿಗೂ ಕೊನೆಗೊಂದ್ಸಲ ಕೈ ತಪ್ತು ನೋಡಿ. ಇರ್ಲಿ, ನಡೆಯೋರು ಎಡವದೆ ಕೂತೋರು ಎಡವ್ತಾರಾ?"

ಅತ್ತೆಯ ಮುಖದ ನಗು ಆರಿತು. ಸೊಸೆ ತಲೆ ತಗ್ಗಿಸಿದಳು.

* * *

ಮೂರು ತಿಂಗಳ ಹಿಂದಿನ ಮಾತು. ಕಂಪ್ಯೂಟರಿನ ಪರದೆಯ ಮೇಲೇ ನಕ್ಷೆ ಅಳೆಯುವ ವ್ಯವಸ್ಥೆ ತರಿಸೋಣವೆಂದು ಸೊಸೆ ನಾಲ್ಕು ಸಲ ಕೇಳಿದ್ದಳು. ನಾಲ್ಕು ಸಲವೂ ಯಜಮಾನರದು ಒಂದೇ ಉತ್ತರ: "ನಿಮ್ಮ ಮಾವನ ಗಾಲಿ ಇರೋವಾಗ ಅದ್ಯಾಕಮ್ಮ?"

ಕೊನೆಗೆ ಪಂದ್ಯವೇ ಏರ್ಪಟ್ಟಿತು. ಎಂದೋ ಕಟ್ಟಿ ಮುಗಿಸಿದ್ದ ಶಾಲೆಯೊಂದರ ನಕ್ಷೆ. ಗೋಡೆಗಳ ನಿಜವಾದ ಉದ್ದ ಯಜಮಾನರ ಕಡತದಲ್ಲಿತ್ತು. ಒಂದೇ ನಕಲು ಇಬ್ಬರಿಗೂ. ಸೊಸೆಗೆ ಪರೀಕ್ಷೆಗಾಗಿ ಹದಿನೈದು ದಿನಕ್ಕೆಂದು ತರಿಸಿದ್ದ ಪರದೆ, ಮಾವನಿಗೆ ಗಾಲಿ. ಯಾವುದು ಸರಿಯೋ ಅದೇ ಮುಂದಕ್ಕೆ.

ಕಡತದಲ್ಲಿದ್ದದ್ದು ನಾನೂರಿಪ್ಪತ್ತು ಮೀಟರ್. ಸೊಸೆಯದೂ ನಾನೂರಿಪ್ಪತ್ತು. ಮಾವನದು ಮುನ್ನೂರ ತೊಂಬತ್ತೆರಡು.

ನಕಲು ಕುಗ್ಗಿತ್ತು, ಬಾಗಿಲಪ್ಪನೇ ಬಾಗಿಲು ನೋಡಲು ಮರೆತಿದ್ದರು!

"ಪರದೆನೇ ಇಟ್ಕೊಳ್ಳಿ," ಎಂದರು ಮಾವ, ಕನ್ನಡಕ ಒರೆಸುತ್ತ. "ಗಾಲಿಗೆ ವಯಸ್ಸಾಯ್ತು."

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

"ಮೊದಲು ಏನು ಅಳೆದೆ?" ಎಂದು ಅವರೇ ಕೇಳಿದರು.

"ಬಾಗಿಲು, ಮಾವ."

"ಹಾಗಾದ್ರೆ ಸರಿ."

* * *

"ಅವರ ಕನ್ನಡಕ ತಾರೇ," ಎಂದರು ಅತ್ತೆ. "ಅದಿಲ್ದೆ ಬೇರೆ ಯಾರೋ ಮಲಗಿದ ಹಾಗಿದೆ."

ಕನ್ನಡಕ ಮಾವನ ಮೇಜಿನ ಮೇಲೆ, ಒಂದು ನಕ್ಷೆಯ ಸುರುಳಿಯ ಮೇಲಿತ್ತು. ಎತ್ತಿದೊಡನೆ ಸುರುಳಿ ಬಿಚ್ಚಿಕೊಂಡಿತು. ಅದೇ ಶಾಲೆಯ ನಕ್ಷೆ. ಒಳಗೊಂದು ಕರಡು ಹಾಳೆ. ಮೇಲೆ ಪಂದ್ಯದ ದಿನದ ತಾರೀಖು, ಕೆಳಗೆ ಮಾವನ ದುಂಡು ಅಕ್ಷರ.

"ಬಾಗಿಲು: ಬರೆದದ್ದು 90, ಬಂದದ್ದು 84. ನಕಲು ಕುಗ್ಗಿದೆ."

ಅದರ ಕೆಳಗೆ ಒಂದೊಂದೇ ಗೋಡೆ. ಗಾಲಿಗೆ ಬಂದ ಅಳತೆ ಎಡಕ್ಕೆ, ತಿದ್ದಿದ ಅಳತೆ ಬಲಕ್ಕೆ. ಎಡದ ಮೊತ್ತ 392. ಬಲದ ಮೊತ್ತ 420, ಅಡಿಯಲ್ಲಿ ಎರಡು ಗೆರೆ.

ಯಜಮಾನರಿಗೆ ಕೊಟ್ಟಿದ್ದು ಎಡದ ಮೊತ್ತವನ್ನು. ಬೇಕೆಂದೇ.

ಸೊಸೆಗೆ ಅಳು, ನಗು ಒಟ್ಟಿಗೇ ಉಕ್ಕಿದವು. ಮಾವ ಎಡವಿರಲಿಲ್ಲ, ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಿದ್ದರು. ಹೆಮ್ಮೆಯಿಂದ ಎದೆ ಬಿರಿಯುವಂತಾಗಿ, ಹಾಳೆ ಹಿಡಿದುಕೊಂಡೇ ಪಡಸಾಲೆಗೆ ಓಡಿದಳು.

ಯಜಮಾನರು ಹೊಸದಾಗಿ ಬಂದವರೊಬ್ಬರಿಗೆ ಆ ಒಂದು ತಪ್ಪಿನ ಕತೆಯನ್ನೇ ಹೇಳುತ್ತಿದ್ದರು. ಅವಳು ಬಾಯಿ ತೆರೆದಳು. ಒಂದು ಮಾತು ಸಾಕಿತ್ತು, ಮಾವನ ಹೆಸರಿಗಂಟಿದ ಮಸಿ ತೊಳೆದುಹೋಗುತ್ತಿತ್ತು. ಆದರೆ ಹಚ್ಚಿಕೊಂಡವರು ಅವರೇ. ಮೂರು ತಿಂಗಳಲ್ಲಿ ಹೆಂಡತಿಯೆದುರೂ ಬಾಯಿ ಬಿಡದೆ, ಕೊಟ್ಟದ್ದನ್ನು ಕೊಟ್ಟಂತೆಯೇ ಬಿಟ್ಟು ಹೋಗಿದ್ದರು.

ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗೈಯಲ್ಲಿ ಅಡಗಿಸಿಕೊಂಡಳು. ಮಾವನಿಗೆ ಕನ್ನಡಕ ತೊಡಿಸಿದಳು.

"ನೀನಾದ್ರೂ ಹೇಳೇ," ಅತ್ತೆ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದರು. "ನಿಜವಾಗ್ಲೂ ತಪ್ಪಿದ್ರಾ?"

"ಹೂಂ ಅತ್ತೆ. ಒಂದೇ ಸಲ."

ಅತ್ತೆ ಕಣ್ಣೊರೆಸಿಕೊಂಡು ತಲೆಯೆತ್ತಿದರು. "ಒಂದೇ ಸಲ! ನಲವತ್ತು ವರ್ಷದಲ್ಲಿ! ಕೇಳಿದ್ರೇನ್ರೀ ಎಲ್ಲರೂ?"

ಎಲ್ಲರೂ ಅತ್ತೆಯ ಕಡೆ ತಿರುಗಿದಾಗ ಸೊಸೆ ಮಾವನ ಅಂಗಿ ಸರಿಪಡಿಸುವವಳಂತೆ ಬಾಗಿದಳು. ಹಾಳೆಯನ್ನು ಅವರ ಎದೆಯ ಜೇಬಿಗೆ ಇಳಿಸಿ, ಗುಂಡಿ ಹಾಕಿದಳು.