ಒದರದ ಗಾಡಿಗೂ ಎಣ್ಣೆ

ನಾನು ಒಂದು ಮೋಟಾರ್ ಸೈಕಲ್ಲು. ಹುಟ್ಟಿದ್ದು ದೂರದ ಕಾರ್ಖಾನೆಯೊಂದರಲ್ಲಿ. ಅವತ್ತು ಹುಟ್ಟಿದ ನಾವು ನೂರಾರು ಮಂದಿ ಸಾಲಾಗಿ ನಿಂತಿದ್ದೆವು. ಎಲ್ಲರೂ ಕಪ್ಪು, ಎಲ್ಲರ ಟ್ಯಾಂಕಿನ ಮೇಲೂ ಒಂದೇ ಕೆಂಪು ಗೆರೆ. ಲಾರಿಯಲ್ಲಿ ಹಗ್ಗ ಬಿಗಿಸಿಕೊಂಡು ಗದಗಕ್ಕೆ ಬಂದಿಳಿದಾಗ ಮೊದಲು ಕಂಡದ್ದು ಒಂದು ಜೊತೆ ಚರ್ಮದ ಚಪ್ಪಲಿ, ಅದರ ಮೇಲೆ ಇಸ್ತ್ರಿ ಮಾಡಿದ ಧೋತರದ ಅಂಚು. ಅವರು ಚಿತ್ರಕಲೆ ಕಲಿಸುವ ಪಂಚಾಕ್ಷರಿ ಮಾಸ್ತರು.

ಮಾಸ್ತರು ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಲ್ಲಿ ಮೊದಲು ನನ್ನನ್ನು ಒರೆಸಿ, ಆಮೇಲೆ ತಮ್ಮ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆರು ವರ್ಷ ನನ್ನ ಚೈನಿಗೊಂದು ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ತಮ್ಮ ಕಣ್ಣು ಮಂಜಾದಾಗ ಮಾಸ್ತರು ನನ್ನನ್ನು ಲಕ್ಷ್ಮೇಶ್ವರದ ಗುರುಪಾದನಿಗೆ ಕೊಟ್ಟರು.

"ತಿಂಗಳಿಗೊಮ್ಮೆ ಚೈನಿಗೆ ಎಣ್ಣಿ ಹಾಕು. ಮರೀಬ್ಯಾಡ."

"ಇಲ್ರಿ ಸರ," ಅಂದ ಗುರುಪಾದ. ಬೀದಿಯ ತಿರುವು ದಾಟುವಷ್ಟರಲ್ಲಿ ಮರೆತಿದ್ದ.

ಗುರುಪಾದನಿಗೆ ದನದ ದವಾಖಾನೆಯಲ್ಲಿ ಕೆಲಸ. ಏಳು ಹಳ್ಳಿಗಳಲ್ಲಿ ಯಾರ ಎಮ್ಮೆ ಯಾವ ವಾರ ಈಯುತ್ತದೆ ಎಂಬುದು ಅವನಿಗೆ ಬಾಯಿಪಾಠ. ಕರು ಅಡ್ಡ ಸಿಕ್ಕಿದೆ ಎಂದರೆ ಊಟದ ತಾಟು ಬಿಟ್ಟು ಏಳುತ್ತಿದ್ದ. ನನ್ನ ವಿಷಯ ಬಂದಾಗ ಮಾತ್ರ, "ನಾಳಿಗ್ ಮಾಡಿದ್ರಾತು."

ವರ್ಷಕ್ಕೊಂದು ದಿನ ನನ್ನನ್ನು ರಾಜನಂತೆ ನೋಡುತ್ತಿದ್ದ. ಅದು ಆಯುಧ ಪೂಜೆ. ಅವತ್ತು ನನಗೆ ಸ್ನಾನ, ದೀಪದ ಕಣ್ಣಿಗೆ ಮೂರೆಳೆ ವಿಭೂತಿ, ಕೊರಳಿಗೆ ಚೆಂಡು ಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ನನ್ನ ಮುಂದೆ ಹಚ್ಚಿಟ್ಟ ಹಣತೆಗೆ ತುಂಬ ಎಣ್ಣೆ ಸುರಿಯುತ್ತಿದ್ದ. ಒಂದು ಗೇಣು ಆಚೆ ನನ್ನ ಚೈನು ಒಣಗಿ ನಿಂತಿರುತ್ತಿತ್ತು. ಹೂವು ಬಾಡಿ ಉದುರಿದ ಮೇಲೆ ದಾರ ಜಾರಿ ಮುಂದಿನ ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುತ್ತಿತ್ತು. ಮುಂದಿನ ವರ್ಷ ಅದರ ಮೇಲೆ ಇನ್ನೊಂದು.

ಮದುವೆಯನ್ನೂ ಹೀಗೆಯೇ ಮುಂದೂಡಿ ಅವನಿಗೆ ಮೂವತ್ತನಾಲ್ಕು ದಾಟಿತ್ತು. ಆದರೆ ಆ ಬೇಸಿಗೆ ಒಂದು ಬದಲಾವಣೆ ಕಂಡೆ. ಕೆಲಸವಿರಲಿ ಬಿಡಲಿ, ನಾವು ಶಿರಹಟ್ಟಿಯ ದಾರಿ ಹಿಡಿಯತೊಡಗಿದೆವು. ಅಲ್ಲಿ ಸೋಮಲಿಂಗಪ್ಪನವರ ಹಿಟ್ಟಿನ ಗಿರಣಿ ಬಂದಾಗ ಗುರುಪಾದನ ಕೈ ತಾನಾಗಿ ಸಡಿಲವಾಗುತ್ತಿತ್ತು. ಗಿರಣಿ ನಡೆಸುತ್ತಿದ್ದವಳು ಅವರ ಮಗಳು ದಾಕ್ಷಾಯಿಣಿ. ರೆಪ್ಪೆಯ ಮೇಲೆಲ್ಲ ಹಿಟ್ಟು.

ಕೊನೆಗೆ ತಾಯಿ ಗೌರವ್ವನಿಗೆ ತಾನೇ ಹೇಳಿದ. "ಅವ್ವಾ, ಆಕಿನ್ನ ಕೇಳು. ಆಕಿ ಒಲ್ಲೆ ಅಂದ್ರ ಮತ್ತ ಯಾರ ಮನಿಗೂ ನನ್ನ ಕರ್ಕೊಂಡು ಹೋಗಬ್ಯಾಡ."

ಹೆಣ್ಣು ನೋಡಲು ಹೋದ ದಿನ ತಾಯಿ ಮಗ ಇಬ್ಬರೂ ನನ್ನ ಮೇಲೆಯೇ ಹೋದರು. ಊರ ಹೆಬ್ಬಾಗಿಲಿನಿಂದ ಅವರ ಮನೆಯವರೆಗೆ ನನ್ನ ಚೈನು ಕಿರ್‍ರೋ ಎಂದು ಅರಚಿತು. ನಾಯಿಗಳು ಎದ್ದು ನಿಂತವು. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಮುಚ್ಚುವುದು ನನ್ನ ಕೈಯಲ್ಲಿರಲಿಲ್ಲ.

ಒಳಗೆ ಏನೇನು ಮಾತಾಯಿತೋ ತಿಳಿಯದು. ಸ್ವಲ್ಪ ಹೊತ್ತಿಗೆ ಎರಡು ಬರಿಗಾಲು ನೇರ ನನ್ನ ಹತ್ತಿರ ಬಂದವು. ಹಿಂದೆ ಗುರುಪಾದನ ಪಾಲಿಶ್ ಬೂಟು. ಗೌರವ್ವ ಬಾಗಿಲಲ್ಲಿ ನಿಂತು, "ನಾವು ಹುಡುಗಿ ನೋಡಾಕ ಬಂದ್ರ, ಹುಡುಗಿ ಗಾಡಿ ನೋಡಾಕ ಹೊಂಟಾಳಲ್ಲಪಾ!" ಎಂದಳು.

ದಾಕ್ಷಾಯಿಣಿ ಕುಕ್ಕರಗಾಲಲ್ಲಿ ಕುಳಿತಳು. ಚೈನು ಎತ್ತಿ ನೋಡಿದಳು. ಆಯಿಲ್ ಕಡ್ಡಿ ಎಳೆದಳು, ತುದಿಗಷ್ಟೇ ಮಸಿಯಂತೆ ಏನೋ ಅಂಟಿತ್ತು. ತಲೆಯ ಪಿನ್ನು ತೆಗೆದು ಗಾಲಿಯ ಅಚ್ಚಿನಿಂದ ಒಂದೊಂದೇ ದಾರ ಬಿಡಿಸಿದಳು.

"ಇದು ಯಾವ ವರ್ಷದ ಹಾರಾರಿ?"

"ಅದು... ಹೋದ ವರ್ಷದ್ದು."

"ಇದು?"

"ಅದರ ಹಿಂದಿನದು."

"ದನದ ಆರೈಕಿ ಮಾಡೋರು ನೀವು. ಇದನ್ನ್ಯಾಕ ಹಿಂಗ ಇಟ್ಟೀರಿ?"

"ದನಾ ಒದರತಾವ್ರಿ. ಕೂಗಿದ ಕೂಡಲೆ ನೆನಪಾಗತೈತಿ."

"ಇದೂ ಒದರಾಕತ್ತೈತಲ್ರಿ. ನಾ ಒಳಗ ಕುಂತು ಕೇಳಿದೆ." ಅವಳು ದಾರದ ಉಂಡೆಯನ್ನು ಅವನ ಅಂಗೈಗೆ ಹಾಕಿದಳು. "ಇನ್ನ ನಾನು. ನನಗ ಒದರಿ ರೂಢಿಯಿಲ್ಲ. ಬ್ಯಾಸರಾದ್ರೂ ಸುಮ್ಮನಿರ್ತೀನಿ, ಜಡ್ಡಾದ್ರೂ ಸುಮ್ಮನಿರ್ತೀನಿ. ಆವಾಗ ನಿಮಗ ನೆನಪು ಹೆಂಗಾಗಬೇಕು?"

ಗುರುಪಾದ ಉಂಡೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಬರೂ ಮಂಗಳವಾರ ಗಿರಣಿಗೆ ಸೂಟಿ. ಇದನ್ನ ಸರಿ ಮಾಡ್ಕೊಂಡು ಬರ್ರಿ. ನಾ ಒಳಗ ಕುಂತು ಕೇಳ್ತೀನಿ. ಆಮ್ಯಾಲ ಹೇಳ್ತೀನಿ."

ಬುಧವಾರ ಒಂದು ಎಮ್ಮೆಯ ಹೆರಿಗೆ. ಗುರುವಾರ ಲಸಿಕೆ. ಶುಕ್ರವಾರ ಗೌರವ್ವ ಕೇಳಿದಳು, "ಗಾಡಿ ಏನ್ಮಾಡಿದ್ಯೋ?" "ನಾಳಿಗ್ ಮಾಡಿದ್ರಾತು." ಭಾನುವಾರವೂ ಹಾಗೆಯೇ ಹೋಯಿತು, ಸೋಮವಾರವೂ. ನಾನು ಕಿರುಚಿಕೊಂಡೇ ತಿರುಗಿದೆ.

ಮಂಗಳವಾರ ಬೆಳಿಗ್ಗೆ ಹೆಣ್ಣು ನೋಡಲು ಹೋದಾಗಿನ ಅಂಗಿ ತೊಡುತ್ತಿದ್ದವನು ಜೇಬಿಗೆ ಕೈ ಹಾಕಿದ. ದಾರದ ಉಂಡೆ ಸಿಕ್ಕಿತು. "ಅಯ್ಯಯ್ಯಯ್ಯ!" ಎನ್ನುತ್ತ ಬನಿಯನ್ನಿನಲ್ಲೇ ಓಡಿ ಬಂದ. ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಮನೆಯಲ್ಲಿದ್ದದ್ದು ಹೊಟ್ಟೆ ಉಬ್ಬಿದ ಎತ್ತಿಗೆ ಕುಡಿಸುವ ಅಗಸೆ ಎಣ್ಣೆಯ ಬಾಟಲಿ, ಅದನ್ನು ಕುಡಿಸುವ ಬಿದಿರಿನ ಗೊಟ್ಟ. ಅದೇ ಗೊಟ್ಟದಿಂದ ನನ್ನ ಚೈನಿಗೆ ಧಾರಾಳವಾಗಿ ಕುಡಿಸಿದ. ರೂಢಿಯಂತೆ ಬೆನ್ನು ತಟ್ಟಿ, "ಹೋ ಹೋ, ಆತು ಆತು," ಎಂದೂ ಅಂದ. ನನಗೆ ನಗು ತಡೆಯಲಾಗಲಿಲ್ಲ.

ಗೌರವ್ವನನ್ನೂ ಹಿಂದೆ ಕೂರಿಸಿಕೊಂಡು ಶಿರಹಟ್ಟಿಯೊಳಗೆ ಸದ್ದಿಲ್ಲದೆ ಹೊಕ್ಕೆವು. ನಾಯಿಗಳು ಮಲಗಿದ್ದಲ್ಲೇ ಮಲಗಿದ್ದವು.

ಬರಿಗಾಲು ಹೊರಗೆ ಬಂದವು. "ಕೇಳಿಸಲಿಲ್ಲ," ಅಂದಳು ದಾಕ್ಷಾಯಿಣಿ. ದನಿಯಲ್ಲಿ ಸಂತೋಷವಿತ್ತು.

ಅಲ್ಲಿಗೆ ಗೆದ್ದಂತೆಯೇ. ಗುರುಪಾದ ಸುಮ್ಮನಿದ್ದರೆ ಸಾಕಿತ್ತು. ಆದರೆ ಅವನ ಬೂಟು ಹಿಂದೆ ಮುಂದೆ ಆಡಿತು.

"ಒಂದ್ ಮಾತು ಐತ್ರಿ. ಆರು ದಿನ ಮರ್ತೆ. ಇವತ್ತ ಮುಂಜಾನೆ ನೆನಪಾತು. ಹಾಕಿದ್ದು ಗಾಡಿ ಎಣ್ಣಿ ಅಲ್ರಿ, ಎತ್ತಿನ ಹೊಟ್ಟಿ ಉಬ್ಬರಕ್ಕ ಕುಡಿಸೋ ಅಗಸಿ ಎಣ್ಣಿ. ನಾಡಿದ್ದ ಮತ್ತ ಒದರತೈತಿ."

ಅವಳು ಬಗ್ಗಿ ಮೂಸಿದಳು. ಚೈನಿಗೆ ದಾರಿಯ ಧೂಳೆಲ್ಲ ಮೆತ್ತಿ ಅಗಸೆ ಚಟ್ನಿಯಂತಾಗಿತ್ತು. ನಕ್ಕಳು. ಸೀಟಿನ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಏನಾತವ್ವಾ? ಹೂಂ ಅನ್ನಲೋ, ಬ್ಯಾಡ ಅನ್ನಲೋ?" ಒಳಗಿನಿಂದ ಸೋಮಲಿಂಗಪ್ಪ ಕೂಗಿದರು.

"ಅಪ್ಪಾ, ಸೀಮೆಎಣ್ಣಿ ತಗೊಂಡ್ ಬಾ. ಗಿರಣಿ ಎಣ್ಣಿನೂ ತಾ." ಆಮೇಲೆ ಗುರುಪಾದನಿಗೆ, "ತೋಳು ಏರಿಸ್ರಿ. ನಾಳಿಗಲ್ಲ, ಈಗ."

ಮಧ್ಯಾಹ್ನದವರೆಗೆ ಇಬ್ಬರೂ ನನ್ನ ಪಕ್ಕ ನೆಲದಲ್ಲಿ ಕುಳಿತಿದ್ದರು. ಕರಿಗೈ ತೊಳೆಯಲು ಅವಳು ಸಕ್ಕರೆ, ಎಣ್ಣೆ ಕೊಟ್ಟಳು. ಆ ಸಕ್ಕರೆಯಲ್ಲಿ ಒಂದು ಚಿಟಿಕೆ ಗೌರವ್ವ ಎತ್ತಿ ಸೊಸೆಯ ಬಾಯಿಗೆ ಹಾಕಿದಳು.

ಅದಾಗಿ ಇಪ್ಪತ್ತೇಳು ವರ್ಷ. ನನ್ನ ಎಂಜಿನ್ನು ನಿಂತುಹೋಗಿದೆ. ಈಗ ಶಿರಹಟ್ಟಿಯ ಅದೇ ಅಂಗಳಕ್ಕೆ ಹೊಂದಿದ ಗಿರಣಿಯ ಮೂಲೆ ನನ್ನ ಮನೆ, ಮೈಮೇಲೆ ತೆಳುವಾಗಿ ಜೋಳದ ಹಿಟ್ಟು. ಗುಜರಿಯವನು ಎರಡು ಸಲ ಬಂದು ಬರಿಗೈಲಿ ಹೋದ. ಓಡುವಾಗ ನೂರು ಊರು ನೋಡಿದೆ, ಆದರೆ ನನ್ನ ಬದುಕು ತಿರುಗಿದ್ದು ಈ ಅಂಗಳದಲ್ಲಿ, ನಿಂತಲ್ಲೇ.

ಇವತ್ತು ಮಂಗಳವಾರ. ಬೂಟು ಹೋಗಿ ಹವಾಯಿ ಚಪ್ಪಲಿ ಬಂದಿವೆ, ನಡಿಗೆ ನಿಧಾನ. ಗುರುಪಾದ ಎಣ್ಣೆಯ ಡಬ್ಬಿ ಹಿಡಿದು ಕುಳಿತಿದ್ದಾನೆ.

"ಓಡದ ಗಾಡಿಗೆ ಎದಕ್ರಿ ಎಣ್ಣಿ?" ಒಳಗಿನಿಂದ ದಾಕ್ಷಾಯಿಣಿ. "ನಾಳಿಗ್ ಹಾಕಿದ್ರಾತು ಬರ್ರಿ, ಚಹಾ ಆರತೈತಿ."

"ಬಂದೆ," ಅನ್ನುತ್ತಾನೆ. ಏಳುವುದಿಲ್ಲ.

ನಾನು ಒದರುವುದನ್ನು ಬಿಟ್ಟು ವರ್ಷಗಳಾದವು. ಅವನು ಚೈನಿನ ಇನ್ನೊಂದು ಕೊಂಡಿಗೆ ಒಂದು ಹನಿ ಬಿಡುತ್ತಾನೆ.