ಗಂಟಲ ತೂತಿನ ಮೇಲಿನ ಬೆರಳು

“ಲೇ ಬೋಳಿ...”

ಅಷ್ಟಕ್ಕೇ ನಿಂತಿತು. ಮಿಕ್ಕಿದ್ದು ಕಲ್ಲೇಶಪ್ಪನ ತುಟಿಯಲ್ಲೇ ಆಡುತ್ತಿತ್ತು. ನೊಣ ಓಡಿಸಲೆಂದು ನಾನು ಅವನ ಗಂಟಲ ತೂತಿನ ಮೇಲಿಂದ ಬೆರಳು ತೆಗೆದಿದ್ದೆ. ಮತ್ತೆ ಇಟ್ಟೆ.

“...ಮಗನೆ! ನಿಮ್ಮಪ್ಪನ್ ಹೆಣಾನ ಇವತ್ತು ನೀನೇ ಅಗ್ದು ತೆಗೀಬೇಕು. ಮಣ್ಣು ಮಾಡ್ದೋನು ನೀನೇ ತಾನೆ?”

ನನಗೆ ಬೈಯಬೇಕಾದರೂ ಗೌಡನಿಗೆ ನನ್ನ ಬೆರಳು ಬೇಕು. ಕೊರೊನಾ ಬಂದು ಮೂವತ್ತೆಂಟು ದಿನ ವೆಂಟಿಲೇಟರ್ ಮೇಲಿದ್ದವನು. ಗಂಟಲಿಗೆ ತೂತು ಕೊರೆದು ನಳಿಕೆ ಇಟ್ಟಿದ್ದಾರೆ. ಉಸಿರು ಅದರಲ್ಲೇ ಸರಾಗ. ಮಾತು ಬೇಕಾದರೆ ಮಾತ್ರ ಅದನ್ನು ಮುಚ್ಚಬೇಕು. ಮಲಗಿ ಮಲಗಿ ಕೈಗಳು ಸತ್ತಿವೆ, ಎದೆಯಿಂದ ಮೇಲೆ ಏಳುವುದಿಲ್ಲ. ಮಗ ಶಿವಪ್ರಸಾದ್ ಒಮ್ಮೆ ಬೆರಳಿಟ್ಟ. ಅಪ್ಪ ಕೆಮ್ಮಿದ, ಕಫ ಮಗನ ಮೀಸೆಗೆ ಹಾರಿತು. ಮಗ ಅಂಗಳದಲ್ಲಿ ವಾಂತಿ ಮಾಡಿ, ಬಾಯಿ ತೊಳೆದು, ನನ್ನನ್ನು ಕರೆಯಲು ನೇರ ನಮ್ಮ ಕೇರಿಗೆ ಬಂದ.

ನಮ್ಮಪ್ಪ ಸಾಯುವವರೆಗೂ ದಾಟದಿದ್ದ ಗೌಡನ ಮನೆಯ ಹೊಸ್ತಿಲನ್ನು ನಾನು ದಾಟಿ ಮಂಚದವರೆಗೂ ಹೋದೆ. ನಾನು ಹೊರಟ ಮೇಲೆ ಹೊಸ್ತಿಲಿಗೆ ಗಂಜಲ ಚಿಮುಕಿಸುತ್ತಾರೆ. ಗಂಟಲಿಗೂ ಚಿಮುಕಿಸುತ್ತಾರೋ ಏನೋ, ಕೇಳಿಲ್ಲ.

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಎರಡನೇ ಅಲೆಯಲ್ಲಿ ಐಸಿಯು ಒಂದರಲ್ಲಿ ಗುತ್ತಿಗೆ ಆಳಾಗಿದ್ದೆ. ರೋಗಿಗಳನ್ನು ಬೋರಲು ಹಾಕುವುದು, ಹೇಲು ಬಾಚುವುದು, ಹೆಣ ಸುತ್ತುವುದು. ನನ್ನ ಕಣ್ಣೆದುರು ಹನ್ನೊಂದು ಜನಕ್ಕೆ ಆ ಮೆಷಿನ್ ಹಾಕಿದರು. ಜೀವಂತ ಎದ್ದವರು ಇಬ್ಬರು: ಬೀರೂರಿನ ಒಬ್ಬ ಹೂ ಮಾರುವವಳು, ಮತ್ತೆ ಈ ಗೌಡ. ಒಂಬತ್ತು ಜನರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು ನಾನೇ. ಏಳನೆಯದು ನಮ್ಮಪ್ಪ ಕರಿಯಣ್ಣ, ಗೌಡನ ಪಕ್ಕದ ಮಂಚ. ಗೌಡನನ್ನು ಮನೆದೇವರು ಉಳಿಸಿತಂತೆ. ಹದಿನಾರು ದಿನ ಅವನನ್ನು ಬೋರಲು ಹಾಕಿ ಎತ್ತಿದವರಲ್ಲಿ ದೇವರನ್ನು ನಾನಂತೂ ಕಾಣಲಿಲ್ಲ.

ಮೆಷಿನ್ ತೆಗೆದ ದಿನ ಡಾಕ್ಟರು ನನ್ನ ಬೆರಳನ್ನು ಆ ತೂತಿನ ಮೇಲಿಡಿಸಿ, “ಮಾತಾಡಿ” ಅಂದರು. ಗೌಡ ಪಕ್ಕದ ಖಾಲಿ ಮಂಚ ನೋಡಿದ.

“ವೇಣು... ನಿಮ್ಮಪ್ಪ ಎಲ್ಲೋ?”

“ಮಣ್ಣಿಗೋದ ಗೌಡ್ರೆ. ನಮ್ ಸುಡುಗಾಡಿಗೆ ತಂತಿ ಹಾಕಿದ್ರಲ್ಲ ನೀವು, ಅದನ್ ಕತ್ತರ್ಸಿ ಒಳಗೇ ಮಣ್ಣು ಮಾಡುದ್ವಿ.”

ಅವನ ಕಣ್ಣು ತುಂಬಿತು. “ಒಳ್ಳೇದ್ ಮಾಡುದ್ರಿ ಕಣೋ. ಅದು ನಿಮ್ದೇ. ನನ್ ಮಾತ್ರ ಬಿಟ್ಟೋಗ್ಬೇಡ್ವೋ.”

ಬಿಟ್ಟು ಹೋಗಲಿಲ್ಲ. ಗೌಡ ಮನೆಗೆ ಬಂದ, ಗಂಜಿ ಮುದ್ದೆಯಾಯಿತು, ಮುದ್ದೆ ಕೋಳಿಯಾಯಿತು. ಹೊಟ್ಟೆ ತುಂಬುತ್ತಲೇ ಜಮೀನು ನೆನಪಾಯಿತು. ‘ತಂತಿ ಕತ್ತರಿಸಿ ನನ್ನ ಹೊಲದಲ್ಲಿ ಹೆಣ ಹೂತಿದ್ದಾರೆ, ಅಗೆಸಿ ತೆಗೆಸಿ’ ಎಂದು ಮಗನ ಕೈಲಿ ಅರ್ಜಿ ಬರೆಸಿದ. ಇವತ್ತು ತಾಲ್ಲೂಕು ಕಚೇರಿಯ ಅಮಲ್ದಾರರ ಸ್ಥಳ ತನಿಖೆ.

ಗಾಲಿಕುರ್ಚಿಯನ್ನು ಸುಡುಗಾಡಿನವರೆಗೆ ತಳ್ಳಿಕೊಂಡು ಹೋದವನೂ ನಾನೇ. ತಂತಿಯಾಚೆ ಅಪ್ಪನ ಗುಡ್ಡೆಯ ಹತ್ತಿರ ಅವ್ವ ಈರಕ್ಕ ಸೆರಗು ಬಿಗಿದು ನಿಂತಿದ್ದಳು. ಜೀಪಿನ ನೆರಳಲ್ಲಿ ಗುದ್ದಲಿ ಹಿಡಿದ ಇಬ್ಬರು ಆಳುಗಳು, ಹೇಳಿಕೆ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಅಮಲ್ದಾರರು ಮಾಸ್ಕಿನೊಳಗಿಂದ ಹೇಳಿದರು:

“ಮಗ ಹೇಳಿದ್ರೆ ನಡೆಯಲ್ಲ. ಅರ್ಜಿದಾರರೇ ಬಾಯ್ಬಿಟ್ಟು ಹೇಳ್ಬೇಕು. ಹೇಳಿ ಕಲ್ಲೇಶಪ್ಪನೋರೆ, ಈ ಜಾಗ ಯಾರ್ದು?”

ಗೌಡ ನನ್ನ ಕಡೆ ಕತ್ತು ಚಾಚಿದ, ಹಾಲು ಕರೆಯಲು ನಿಂತ ಎಮ್ಮೆಯ ಹಾಗೆ. ಗ್ಲೌಸ್ ಏರಿಸಿ ಬೆರಳಿಟ್ಟೆ.

“ಅಪ್ಪನ ಕಾಲದಿಂದ್ಲೂ ಇದು...”

ಬೆರಳು ತೆಗೆದೆ.

ಮುಂದಿನದೆಲ್ಲ ತೂತಿನಿಂದ ಬುಸ್ಸೆಂದು ಹೋಯಿತು. ಬಾಯಿ ಆಡುತ್ತಿದೆ, ಕಣ್ಣು ಕೆರಳಿದೆ, ಶಬ್ದವಿಲ್ಲ.

“ಏನಂದ್ರು?” ಅಮಲ್ದಾರರು ಕೇಳಿದರು.

“ಕೇಳುಸ್ಲಿಲ್ಲ ಸಾ.”

“ಲೇ, ಬೆರಳಿಡೋ!” ಶಿವಪ್ರಸಾದ್ ಹಾರಿಬಂದ.

“ನೀನೇ ಇಡಪ್ಪ. ನಿಮ್ಮಪ್ಪ ತಾನೆ?”

ಎಲ್ಲರೂ ನೋಡುತ್ತಿದ್ದರು. ಕಣ್ಣು ಮುಚ್ಚಿ ಬೆರಳು ಚಾಚಿದ. ಗೌಡನಿಗೆ ಸಿಟ್ಟಿಗೆ ಕೆಮ್ಮು ಕಿತ್ತುಕೊಂಡಿತು. ಮಗನ ಬಿಳಿ ಅಂಗಿಯ ಮೇಲೆ ಹಳದಿ ದಾರ ಇಳಿಯಿತು. ಅವನು ಓಕರಿಸುತ್ತ ಜೀಪಿನ ಹಿಂದಕ್ಕೆ ಓಡಿದ.

“ಸಾ, ಗ್ಲೌಸ್ ಕೊಡ್ತೀನಿ,” ಅಂದೆ. “ನೀವೇ ಇಡಿ.”

ಅಮಲ್ದಾರರು ಎರಡು ಹೆಜ್ಜೆ ಹಿಂದೆ ಸರಿದು ಕೈಗೆ ಸ್ಯಾನಿಟೈಸರ್ ಸುರಿದುಕೊಂಡರು. ಗುದ್ದಲಿಯವರು ಆಕಾಶ ನೋಡಿದರು.

ಗ್ಲೌಸ್ ಕಳಚಿ ಗೌಡನ ಮಡಿಲಿಗೆ ಹಾಕಿ, ತಂತಿ ದಾಟಿ ಹೋದೆ. ಅವ್ವ ಗುಡ್ಡೆಯ ಪಕ್ಕ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

“ಏನಂತಾನ್ಲಾ ಅವ್ನು?”

ಐಸಿಯುನಲ್ಲಿ ದುಡಿದವನಿಗೆ ತುಟಿ ಓದಲು ಬರುತ್ತದೆ.

“ನಿನ್ನ, ನನ್ನ, ಅಪ್ಪನ್ನ, ಒಬ್ಬರ್ನೂ ಬಿಡ್ದಂಗೆ ಬೈತಾವ್ನೆ ಕಣವ್ವ.”

“ಬೈಲಿ,” ಎಂದು ಎಲೆ ಮಡಚಿ ಬಾಯಿಗಿಟ್ಟುಕೊಂಡಳು.

ಆಚೆ ಗುಮಾಸ್ತ ‘ಅಪ್ಪನ ಕಾಲದಿಂದಲೂ ಇದು’ ಎಂದು ಬರೆದಿದ್ದ ಹಾಳೆಯ ಮೇಲೆ ಪೆನ್ನು ಹಿಡಿದು ಕಾಯುತ್ತಲೇ ಇದ್ದ.